ಬಂಗಲೆಯಲ್ಲಿ ಪ್ರಾಂಪ್ಟರ್

ಮಲ್ಲತ್ತಹಳ್ಳಿ, ಬೆಂಗಳೂರು
6 ಏಪ್ರಿಲ್ 2025

ಶೋಭಕ್ಕನಿಗೆ ವತ್ಸಲಾ ಮಾಡುವ ನಮಸ್ಕಾರಗಳು.

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡಿ. ನಾನು ಈಗ ದಿನಾ ಬರುತ್ತಿರುವ ಜಾಗದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರ ಫೋನನ್ನೂ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಿಬಿಡುತ್ತಾರೆ. ಸಂಜೆ ಐದರವರೆಗೆ ಕೈಗೆ ಕೊಡುವುದಿಲ್ಲ. ನನ್ನ ಕೆಲಸವೋ ಹತ್ತು ನಿಮಿಷದ್ದು, ಕಾಯುವುದು ಎರಡು ಗಂಟೆ. ಚೀಲದಲ್ಲಿ ನೋಟ್‌ಬುಕ್ಕು, ಪೆನ್ನು ಇಟ್ಟುಕೊಳ್ಳುವ ನನ್ನ ಚಾಳಿ ನಿಮಗೆ ಗೊತ್ತೇ ಇದೆ.

ವಿಷಯ ಏನೆಂದರೆ, ನಾನು ಒಂದು ಸಿನಿಮಾದಲ್ಲಿ ಪಾರ್ಟು ಮಾಡುತ್ತಿದ್ದೇನೆ. ನಗಬೇಡಿ. ಇಪ್ಪತ್ತೆರಡು ವರ್ಷ ಗೋಪೀನಾಥ ಮೇಷ್ಟರ ತಂಡದಲ್ಲಿ ನೀವು ರಂಗದ ನಡುವೆ ನಿಂತಿರಿ, ನಾನು ಸೈಡ್ ವಿಂಗಿನಲ್ಲಿ ಪರದೆಯ ಮರೆಗೆ ಪುಸ್ತಕ ಹಿಡಿದು ಮಾತು ಹೇಳಿಕೊಡುವ ಪ್ರಾಂಪ್ಟರ್ ಆಗಿ ಕೂತೆ. ಐವತ್ತನಾಲ್ಕನೆಯ ವಯಸ್ಸಿಗೆ ಮೊದಲ ಸಲ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡಿದ್ದೇನೆ. ಬಣ್ಣವೂ ಅಲ್ಲ, ಕಣ್ಣಿನ ಕೆಳಗೆ ಒಂದಿಷ್ಟು ಕಪ್ಪು, ಅಷ್ಟೆ.

ಡೈರೆಕ್ಟರ್ ಹೆಸರು ಸಿದ್ಧಾರ್ಥ, ಕೆಂಗೇರಿಯವನು, ವಯಸ್ಸು ಇಪ್ಪತ್ತೆಂಟು. ಹೆದರಿಸುವ ಸಿನಿಮಾವಂತೆ, ಆದರೆ ದೆವ್ವವೂ ಇಲ್ಲ, ಕಿರುಚುವುದೂ ಇಲ್ಲ. ಕೆರೆ ಹತ್ತಿರ ಒಂದು ದೊಡ್ಡ ಬಂಗಲೆ ಇದೆ. ಗ್ರಾನೈಟ್ ವ್ಯಾಪಾರಿ ಒಬ್ಬರು ಮೂರು ಜನ ಗಂಡುಮಕ್ಕಳಿಗೆಂದು ಹದಿನೆಂಟು ಕೋಣೆ ಕಟ್ಟಿಸಿದರು. ಗೃಹಪ್ರವೇಶದ ದಿನವೇ ಯಾರಿಗೆ ಯಾವ ಮಹಡಿ ಎಂದು ಮಕ್ಕಳು ಕಿತ್ತಾಡಿಕೊಂಡು, ಬೀಗ ಬಿತ್ತು. ಹಾಲು ಉಕ್ಕಿಸಿದ ಒಲೆಯ ಮೇಲೆ ಆಮೇಲೆ ಒಂದು ದಿನವೂ ಅನ್ನ ಬೇಯಲಿಲ್ಲ. ಹನ್ನೊಂದು ವರ್ಷವಾದರೂ ಸ್ವಿಚ್ಚುಗಳ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇದೆ. ನಾನು ಸಿದ್ಧಾರ್ಥನನ್ನು ಕೇಳಿದೆ, "ಇಲ್ಲಿ ಯಾರೂ ಸತ್ತೇ ಇಲ್ವಲ್ಲಪ್ಪಾ, ಯಾರೂ ಬದುಕೇ ಇಲ್ಲ. ಭಯ ಎಲ್ಲಿಂದ ತರ್ತೀಯ?" ಅವನು, "ಅದೇ ಆಂಟಿ, ಅದೇ ಭಯ" ಅಂದ. ನನಗೆ ಅರ್ಥವಾಗಲಿಲ್ಲ, ತಲೆಯಾಡಿಸಿದೆ.

ಕಥೆ ಇಷ್ಟೇ. ಅನು ಎಂಬ ಹುಡುಗಿ ಬಾಡಿಗೆಗೆ ಮನೆ ನೋಡಲು ಬರುತ್ತಾಳೆ, ಆ ಪಾರ್ಟು ಮಾಡುವ ಹುಡುಗಿಯ ಹೆಸರೂ ಅನುವೇ. ಮನೆ ಕಾಯುವ ಹೆಂಗಸು ಬೀಗದ ಕೈಗೊಂಚಲು ಹಿಡಿದು ಅವಳ ಹಿಂದೆ ಕೋಣೆ ಕೋಣೆ ಸುತ್ತುತ್ತಾಳೆ. ಅನು ಮಾತಾಡುತ್ತಲೇ ಇರುತ್ತಾಳೆ, ಕಾಯುವವಳು ಬಾಯಿ ಬಿಡುವುದಿಲ್ಲ. ಆ ಕಾಯುವವಳು ನಾನು. ಕಿಟಕಿಗಳಿಗೆಲ್ಲ ಕರಿ ಬಟ್ಟೆ ಹೊಡೆದು ಹಗಲಲ್ಲೇ ಕತ್ತಲೆ ಮಾಡಿಕೊಂಡಿದ್ದಾರೆ. ಇರುವುದೇ ಏಳು ಜನ, ಒಂದು ಕ್ಯಾಮೆರಾ. ಚಿತ್ರಾನ್ನ ಅನುವಿನ ಅಮ್ಮ ಮಾಡಿ ಕಳಿಸುತ್ತಾರೆ.

ಅವನು ನನ್ನನ್ನು ಹೇಗೆ ಹುಡುಕಿಕೊಂಡು ಬಂದ ಎನ್ನುವುದು ದೊಡ್ಡ ಕಥೆ, ಸಿಕ್ಕಾಗ ಹೇಳುತ್ತೇನೆ. ನಿಮ್ಮ ಯಜಮಾನರು ಮಹದೇವ್ ಅವರ ಬ್ಯಾಂಕು, ನಿಮ್ಮ ಕಾರವಾರ ಎಲ್ಲ ಹೇಗಿದೆ? ನಿಮ್ಮ ಆಶೀರ್ವಾದ ಇರಲಿ.

ನಿಮ್ಮ
ವತ್ಸಲಾ

ಕಾರವಾರ
13 ಏಪ್ರಿಲ್ 2025

ವತ್ಸಲಾ,

ಕಾಗದ ಬಂತು. ನೀನು ಕಾಗದದಲ್ಲಿ ಹೇಳಿದ್ದಕ್ಕೆ ವಾಟ್ಸಾಪಿನಲ್ಲಿ ಹೆಬ್ಬೆಟ್ಟು ಒತ್ತುವುದು ಚೆನ್ನಾಗಿರುವುದಿಲ್ಲ ಎಂದು ನಾನೂ ಕಾಗದವನ್ನೇ ಹುಡುಕಿದೆ. ತುಂಬ ಸಂತೋಷ. ಇವರಿಗೆ ಓದಿ ಹೇಳಿದೆ. "ವತ್ಸಲಾನಾ? ಆಕ್ಟಿಂಗಾ?" ಅಂದರು. ಬೇಜಾರು ಮಾಡಿಕೊಳ್ಳಬೇಡ, ಅವರು ಇರುವುದೇ ಹಾಗೆ.

ಒಂದೂ ಮಾತಿಲ್ಲದ ಪಾತ್ರ ಸಿಕ್ಕಿದ್ದು ನಿನಗೆ ಒಳ್ಳೆಯದೇ ಆಯಿತು. ಮಾತಿದ್ದರೆ ಕಷ್ಟ ಕಣೇ. ಮಾತನ್ನು ಹಿಡಿದು, ಉರುಳಿಸಿ, ಹಿಂದಿನ ಸಾಲಿನವರಿಗೂ ತಲುಪಿಸಬೇಕೆಂದರೆ ಎದೆಯಲ್ಲಿ ದಮ್ಮು ಬೇಕು. ಸುಮ್ಮನೆ ನಿಲ್ಲುವುದಕ್ಕೆ ನಿನ್ನಷ್ಟು ಅಭ್ಯಾಸ ಬೇರೆ ಯಾರಿಗಿದೆ?

ಆ ಹುಡುಗ ನಿನ್ನನ್ನು ಹೇಗೆ ಹುಡುಕಿದ ಎಂದು ಬರೆಯಲೇ ಇಲ್ಲ. ದೊಡ್ಡ ಕಥೆ ಅಂದರೆ ಏನು? ಮೇಷ್ಟರ ತಂಡದ ಹೆಸರು ಕೇಳಿ ಬಂದಿದ್ದರೆ ನನ್ನ ಹೆಸರು ಕಿವಿಗೆ ಬೀಳದೆ ಇರಲು ಸಾಧ್ಯವೇ ಇಲ್ಲ. ಅವನು ಕೇಳಲಿಲ್ಲವೇ? ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದೇನೆ.

ಇಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿಲ್ಲ. ಹೋದ ವಾರ ಒಂದು ಶಾಲೆಯವರು ವೇಷಭೂಷಣ ಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದರು. ಟೊಮೆಟೊ ವೇಷ ಹಾಕಿದ ಮಗುವಿಗೆ ಮೊದಲ ಬಹುಮಾನ ಕೊಟ್ಟು ಬಂದೆ. ಬ್ಯಾಂಕ್ ಮ್ಯಾನೇಜರ್ ಹೆಂಡತಿ ಎಂದು ಶಾಲು ಹೊದಿಸಿದರು. ಮನೆಗೆ ಬಂದು ಆ ಶಾಲು ಬಿಸಾಡಿ ಸ್ವಲ್ಪ ಹೊತ್ತು ಅತ್ತೆ. ನಿಜ ಹೇಳಬೇಕೆಂದರೆ ನಿನ್ನ ಕಾಗದ ಓದಿದ ಮೇಲೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟೆ. ಅದಕ್ಕೆ ಇಲ್ಲಿನ ತೆಂಗಿನೆಣ್ಣೆ ಅಡುಗೆಯೇ ಕಾರಣ ಇರಬೇಕು.

ಕಣ್ಣಿನ ಕೆಳಗೆ ಕಪ್ಪು ಹಚ್ಚಿಸಿಕೊಳ್ಳಬೇಡ. ನಿನಗೆ ಇರುವುದೇ ಸಾಕು.

ಶೋಭಾರಾಣಿ

ಮಲ್ಲತ್ತಹಳ್ಳಿ
22 ಏಪ್ರಿಲ್ 2025

ಶೋಭಕ್ಕಾ,

ಬಹಳ ಕಷ್ಟದಲ್ಲಿದ್ದೇನೆ. ನಿಮ್ಮನ್ನು ಬಿಟ್ಟು ಯಾರನ್ನೂ ಕೇಳುವಂತಿಲ್ಲ.

ಇಷ್ಟು ದಿನ ಬರೀ ರಿಹರ್ಸಲ್ ಇತ್ತು, ಮೊನ್ನೆ ಶೂಟಿಂಗ್ ಶುರುವಾಯಿತು. ಸಿದ್ಧಾರ್ಥ ಮಧ್ಯೆ ನಿಲ್ಲಿಸುವುದಿಲ್ಲ, ಒಂದೊಂದು ಸಲ ಹತ್ತು ನಿಮಿಷ ಕ್ಯಾಮೆರಾ ಓಡುತ್ತಲೇ ಇರುತ್ತದೆ. ಮೊದಲ ದಿನ ಅನು ಅಡುಗೆಮನೆ ನೋಡುತ್ತಾಳೆ. "ಇಲ್ಲಿ ಫ್ರಿಜ್ ಇಡಬಹುದು, ಇಲ್ಲಿ ಅಮ್ಮನ ಗ್ರೈಂಡರ್" ಎಂದೆಲ್ಲ ಹೇಳಿಕೊಳ್ಳುತ್ತಾಳೆ. ನಾನು ಬಾಗಿಲಲ್ಲಿ ನಿಂತಿರಬೇಕು. ನಿಂತೆ. ಮುಗಿದ ಮೇಲೆ ಅನು ನನ್ನ ಹತ್ತಿರ ಬಂದು, "ಆಂಟಿ, ನೀವು ನನ್ನ ಡೈಲಾಗ್ ಹೇಳ್ತಿದೀರ" ಅಂದಳು. ಇಲ್ಲ ಕಣಮ್ಮ, ನಾನು ಉಸಿರೇ ಬಿಟ್ಟಿಲ್ಲ ಅಂದೆ. ಸಿದ್ಧಾರ್ಥ ಟೀವಿಯಲ್ಲಿ ತೋರಿಸಿದ. ಶೋಭಕ್ಕಾ, ನನ್ನ ತುಟಿ ಅಲುಗುತ್ತಿತ್ತು. ಸದ್ದಿಲ್ಲ, ಆದರೆ ಅವಳ ಒಂದೊಂದು ಪದಕ್ಕೂ ತುಟಿ ಆಡುತ್ತಿತ್ತು.

ಇಪ್ಪತ್ತೆರಡು ವರ್ಷದ ರೋಗ. ವಿಂಗಿನಲ್ಲಿ ಕೂತವಳ ತುಟಿ ಯಾರಿಗೆ ಕಾಣಬೇಕಿತ್ತು? ಈಗ ಎದುರಿಗೇ ಕ್ಯಾಮೆರಾ. ಆರು ಸಲ ತೆಗೆದರು. ಆರು ಸಲವೂ ಅದೇ. ತುಟಿ ಕಚ್ಚಿಕೊಂಡೆ, ಗಲ್ಲ ಅಲುಗಿತು. ಅನು ಪಾಪ ಒಳ್ಳೆಯವಳು, "ಇರ್ಲಿ ಬಿಡಿ ಆಂಟಿ" ಎನ್ನುತ್ತಾಳೆ. ಆದರೆ ಅವಳ ದನಿ ಬಿದ್ದುಹೋಗಿತ್ತು.

ನಿನ್ನೆ ಸಿದ್ಧಾರ್ಥ ಪಕ್ಕಕ್ಕೆ ಕರೆದು ಹೇಳಿದ, "ಇನ್ನೆರಡು ವಾರ ಬೇರೆ ಸೀನ್ ತೆಗೀತೀನಿ ಆಂಟಿ. ಅಷ್ಟ್ರಲ್ಲಿ ಸರಿ ಮಾಡ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಬರೀ ಬೆನ್ನಿಂದ ತೋರಿಸ್ತೀನಿ." ಬೆನ್ನಿಂದ, ಶೋಭಕ್ಕಾ. ಅದಕ್ಕೆ ನಾನೇ ಯಾಕೆ, ಯಾರ ಬೆನ್ನಾದರೂ ಆಗುತ್ತದೆ.

ನಿಮಗೆ ರಂಗದ ಎಲ್ಲ ಉಪಾಯಗಳೂ ಗೊತ್ತು. ತುಟಿ ಸುಮ್ಮನಿರಿಸುವುದು ಹೇಗೆ ಎಂದು ದಯವಿಟ್ಟು ಕೂಡಲೇ ಬರೆಯಿರಿ. ಇದೊಂದು ಪಾತ್ರ ಉಳಿದರೆ ನನಗೆ ಇನ್ನೇನೂ ಬೇಡ.

ವತ್ಸಲಾ

ಕಾರವಾರ
26 ಏಪ್ರಿಲ್ 2025

ವತ್ಸಲಾ,

ಅಳಬೇಡ. ಉಪಾಯ ಸುಲಭ. ಒಂದು ಲವಂಗವನ್ನು ಮುಂಬಲ್ಲುಗಳ ನಡುವೆ ಕಚ್ಚಿಕೋ. ನಾಲಿಗೆ ಅದರ ಖಾರದಲ್ಲೇ ಇರುತ್ತದೆ, ತುಟಿ ಅಲುಗುವುದಿಲ್ಲ. ರಂಗದ ಮೇಲೆ ಹೆಣವಾಗಿ ಮಲಗಬೇಕಾದಾಗಲೆಲ್ಲ ನಾನು ಮಾಡುತ್ತಿದ್ದದ್ದು ಅದೇ. ಇನ್ನೊಂದು, ಆ ಹುಡುಗಿಯ ಮಾತನ್ನು ಕೇಳಿಸಿಕೊಳ್ಳಲೇಬೇಡ. ಕಿಟಕಿಯ ಸರಳು ಎಣಿಸುತ್ತಿರು. ಅವಳ ಮಾತು ನಿನಗೆ ಬಾಯಿಪಾಠ ಆಗದ ಹಾಗೆ ನೋಡಿಕೋ, ಬಾಯಿಪಾಠ ಆದರೆ ಕೆಟ್ಟೆ.

ಬರೆದದ್ದನ್ನು ಎರಡು ಸಲ ಓದಿದೆ. ಇವಳ ತುಟಿ ನಿಂತರೆ ಇವಳ ಮುಖ ಪರದೆಯ ತುಂಬ ಬರುತ್ತದೆ. ನಾನು ಇಲ್ಲಿ ಟೊಮೆಟೊಗೆ ಬಹುಮಾನ ಕೊಡುತ್ತ ಕೂತಿರುತ್ತೇನೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ.

ಕಾರವಾರ
27 ಏಪ್ರಿಲ್ 2025

ಪ್ರೀತಿಯ ವತ್ಸಲಾ,

ನಿನ್ನ ಕಾಗದ ಓದಿ ಜೀವ ಚುರ್ರೆಂದಿತು. ಹೆದರಬೇಡ. ತುಟಿ ಅಲುಗುವುದು ಮಾತು ಅರ್ಧಂಬರ್ಧ ಗೊತ್ತಿದ್ದಾಗ. ಆದ್ದರಿಂದ ಆ ಹುಡುಗಿಯ ಮಾತನ್ನೆಲ್ಲ ಒಂದು ಅಕ್ಷರ ಬಿಡದೆ ಬಾಯಿಪಾಠ ಮಾಡು. ಹಗಲೂ ರಾತ್ರಿಯೂ ಹೇಳಿಕೊಳ್ಳುತ್ತಿರು. ಕ್ಯಾಮೆರಾ ಶುರುವಾದ ಮೇಲೆ ಅವಳು ಬಾಯಿ ತೆಗೆಯುವ ಮೊದಲೇ ಅವಳ ಮಾತನ್ನು ನೀನು ಮನಸ್ಸಿನಲ್ಲಿ ಆಡಿ ಮುಗಿಸಿಬಿಡು. ಆಗ ತುಟಿಗೆ ಕೆಲಸವೇ ಉಳಿಯುವುದಿಲ್ಲ.

ಇಷ್ಟು ಮಾಡಿದರೆ ಸಾಕು. ಏನಾಯಿತೆಂದು ಬರೆ.

ನಿನ್ನ ಶೋಭಕ್ಕ

ಮಲ್ಲತ್ತಹಳ್ಳಿ
9 ಮೇ 2025

ನನ್ನ ಶೋಭಕ್ಕಾ,

ನಿಮ್ಮ ಕಾಲು ಹತ್ತಿರ ಇದ್ದಿದ್ದರೆ ಹಿಡಿದುಕೊಂಡುಬಿಡುತ್ತಿದ್ದೆ.

ನೀವು ಹೇಳಿದ ಹಾಗೇ ಮಾಡಿದೆ. ನಾಲ್ಕು ದಿನ ಪಾತ್ರೆ ತೊಳೆಯುವಾಗಲೂ ಬಸ್ಸಿನಲ್ಲೂ ಅನುವಿನ ಮಾತು ಹೇಳಿಕೊಂಡೆ. ಮಾರೇನಹಳ್ಳಿ ಸ್ಟಾಪಿನಲ್ಲಿ ಒಬ್ಬರು "ಯಾರ ಜೊತೆ ಮಾತಾಡ್ತಿದೀರ ಮೇಡಂ?" ಎಂದು ಕೇಳಿಯೂ ಬಿಟ್ಟರು. ಸೋಮವಾರ ಮಹಡಿಯ ಕೋಣೆಯ ಸೀನು. ಅನು ಖಾಲಿ ಕೋಣೆಯಲ್ಲಿ ತಿರುಗುತ್ತ, "ಇದು ಮಗುವಿನ ರೂಮು ಮಾಡೋಣ" ಎನ್ನಬೇಕು. ನಾನು ಅವಳೆದುರು ಗೋಡೆಗೆ ನಿಂತಿದ್ದೆ. ಅವಳು ಅನ್ನುವ ಮೊದಲೇ ನಾನು ಮನಸ್ಸಿನಲ್ಲಿ ಅಂದೆ. ತುಟಿ ನಿಂತಿದೆ ಎಂದೇ ನನಗೆ ಧೈರ್ಯ.

ತುಟಿ ನಿಂತಿರಲಿಲ್ಲ. ಮೊದಲಿಗಿಂತ ಜಾಸ್ತಿ ಅಲುಗುತ್ತಿತ್ತು. ಮೊದಲೆಲ್ಲ ಅವಳ ಜೊತೆ ಅಲುಗುತ್ತಿದ್ದದ್ದು ಈಗ ಅವಳಿಗಿಂತ ಮುಂಚೆ ಅಲುಗುತ್ತಿತ್ತು. ಅನು ನನ್ನನ್ನು ನೋಡುತ್ತ ನೋಡುತ್ತ ಮಾತಾಡಿದಳು. ಅರ್ಧ ಪುಟ ಆದ ಮೇಲೆ ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಹೇಳಿದಳು, "ಆಂಟಿ, ನಾನು ಮಾತಾಡ್ತಿದೀನೋ ನೀವು ಮಾತಾಡಿಸ್ತಿದೀರೋ ಗೊತ್ತಾಗ್ಲಿಲ್ಲ. ಓಡೋಗ್ಬೇಕು ಅನ್ನಿಸ್ತು." ಅವಳ ಕೈ ನೋಡಿದೆ, ನಿಜಕ್ಕೂ ರೋಮ ಎದ್ದಿತ್ತು.

ನನ್ನ ಕಥೆ ಮುಗಿಯಿತು ಅಂದುಕೊಂಡು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಸಿದ್ಧಾರ್ಥ ಟೀವಿ ಮುಂದೆ ಕೂತು ಅದನ್ನೇ ಮೂರು ಸಲ ನೋಡಿದ. ಆಮೇಲೆ ನನ್ನ ಹತ್ತಿರ ಬಂದು, "ಆಂಟಿ, ಇನ್ಮೇಲೆ ನಿಲ್ಲಿಸ್ಬೇಡಿ. ಇಡೀ ಸಿನಿಮಾ ಹೀಗೇ ಮಾಡಿ" ಅಂದ. ಇಷ್ಟು ದಿನ ಅವನಿಗೂ ಈ ಬಂಗಲೆಯ ಭಯ ಏನೆಂದು ಗೊತ್ತಿರಲಿಲ್ಲವಂತೆ. ಯಾರೂ ಬದುಕದ ಮನೆ ಬಂದವರಿಗೆ ಅವರ ಬದುಕನ್ನು ಮೊದಲೇ ಹೇಳಿಕೊಡುತ್ತದೆ, ಅವರು ಬರೀ ಒಪ್ಪಿಸುತ್ತಾರೆ, ಅದೇ ಭಯ ಎಂದ. ಈ ಸಲ ನನಗೂ ಅರ್ಥವಾಯಿತು. ತೆಗೆದದ್ದನ್ನೆಲ್ಲ ಬಿಟ್ಟು ಹೊಸದಾಗಿ ಬರೆದಿದ್ದಾನೆ. ಈಗ ಪ್ರತಿ ಸೀನಿನಲ್ಲೂ ನನ್ನ ಮುಖ ಇದೆ.

ನಿಮ್ಮ ಉಪಾಯ ನಿಮ್ಮ ಲೆಕ್ಕದ ಹಾಗೆ ಆಗಲಿಲ್ಲ, ಆದರೆ ಎಲ್ಲ ಆದದ್ದು ನಿಮ್ಮಿಂದಲೇ. ನನಗೆ ಇಷ್ಟು ಒಳ್ಳೆಯದು ಯಾರೂ ಬಯಸಿರಲಿಲ್ಲ.

ನಿಮ್ಮ
ವತ್ಸಲಾ

ಕಾರವಾರ
17 ಮೇ 2025

ಶ್ರೀಮತಿ ವತ್ಸಲಾ ಅವರಿಗೆ,

ಅಲ್ಲ, ನೀವು ಶ್ರೀಮತಿ ಅಲ್ಲ. ಕುಮಾರಿ ವತ್ಸಲಾ ಅವರಿಗೆ.

ನಿನ್ನೆ ಗೋಪೀನಾಥ ಮೇಷ್ಟರು ಇವರ ಬ್ಯಾಂಕಿನಿಂದ ನಂಬರು ಪಡೆದು ಫೋನ್ ಮಾಡಿದ್ದರು. ನನ್ನ ದನಿ ಕೇಳಿ, ನಾನೇನಾ ಎಂದು ಎರಡು ಸಲ ಖಾತ್ರಿ ಮಾಡಿಕೊಂಡರು. ಆಮೇಲೆ, "ಗಂಟಲು ಪೂರಾ ವಾಸಿಯಾಯ್ತೇನಮ್ಮ?" ಎಂದು ಕೇಳಿದರು. ಯಾವ ಗಂಟಲು ಎಂದೆ. ಫೆಬ್ರವರಿಯಲ್ಲಿ ಸಿದ್ಧಾರ್ಥ ಎಂಬ ಹುಡುಗ ನನ್ನ ಹಳೆಯ ಫೋಟೋ ನೋಡಿ, ನಾನೇ ಬೇಕೆಂದು ಅವರ ಮನೆಗೆ ಬಂದಿದ್ದನಂತೆ. ಆಗ ಅವರ ಹತ್ತಿರ ನನ್ನ ನಂಬರು ಇರಲಿಲ್ಲ, ನಿಮ್ಮ ಹತ್ತಿರ ಕಳಿಸಿದರಂತೆ. ಶೋಭಾರಾಣಿಗೆ ಗಂಟಲು ಹೋಗಿದೆ, ಅವರು ಯಾರನ್ನೂ ನೋಡುವುದಿಲ್ಲ ಎಂದು ನೀವು ಹೇಳಿದಿರಂತೆ. ಅದನ್ನು ಆ ಹುಡುಗನ ಬಾಯಿಂದ ಕೇಳಿ ಮೇಷ್ಟರು ಮೂರು ತಿಂಗಳಿಂದ ನನಗಾಗಿ ಮರುಗುತ್ತಿದ್ದಾರೆ.

ಆ ದೊಡ್ಡ ಕಥೆ ಇದೇನಾ?

ನನ್ನ ಪಾತ್ರ ಅದು. ನಿಮ್ಮ ಆರು ಸಲದ ಸಂಕಟಕ್ಕೆ ನಾನು ಕಾಗದದ ಮೇಲೆ ಕಣ್ಣೀರು ಹಾಕಬೇಕಿತ್ತು, ಅಲ್ಲವೇ? ಇಷ್ಟು ಒಳ್ಳೆಯದನ್ನು ಯಾರೂ ಬಯಸಿರಲಿಲ್ಲ ಎಂದು ಬರೆಯುವಾಗ ನಿಮಗೆ ನಾಚಿಕೆಯಾಗಲಿಲ್ಲವೇ?

ಇನ್ನು ಮುಂದೆ ಬರೆಯಬೇಡಿ.

ಶೋಭಾರಾಣಿ ಮಹದೇವ್

ರಾಜಾಜಿನಗರ
22 ಜೂನ್ 2025

ಶೋಭಾ,

ಬರೆಯಬೇಡ ಎಂದು ನೀನು ಅಂದೆ. ಐದು ವಾರ ಬರೆಯಲಿಲ್ಲ. ಈ ಒಂದು ಪತ್ರದಲ್ಲಿ ನಿನ್ನನ್ನು ನೀನು ಎನ್ನುತ್ತೇನೆ. ನೀವು ಎಂದು ಶುರು ಮಾಡಿದರೆ ಮತ್ತೆ ಸುಳ್ಳು ನುಸುಳುತ್ತದೆ.

ಮೇಷ್ಟರು ಹೇಳಿದ್ದು ನಿಜ. ಅವನು ನಾನು ಕೆಲಸ ಮಾಡುವ ಶಾಲೆಯ ಲೈಬ್ರರಿಗೆ ಬಂದು ನಿನ್ನ ಫೋಟೋ ಮೇಜಿನ ಮೇಲಿಟ್ಟ. "ಈ ಮೇಡಂ ಬೇಕು, ಅಡ್ರೆಸ್ ಕೊಡ್ತೀರಾ?" ಅಂದ. ಫೋಟೋದಲ್ಲಿ ನೀನು ರಾಣಿಯ ವೇಷದಲ್ಲಿ ಕೈ ಎತ್ತಿ ನಿಂತಿದ್ದೆ. ಎಡಗಡೆ ಪರದೆಯ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತಿತ್ತು. ಅದು ನನ್ನದು. ಇಪ್ಪತ್ತೆರಡು ವರ್ಷದಲ್ಲಿ ನನ್ನದೆಂದು ಫೋಟೋದಲ್ಲಿ ಬಂದಿರುವುದು ಅಷ್ಟೇ.

ಅವರಿಗೆ ಗಂಟಲು ಹೋಗಿದೆ, ಮಾತೇ ಬರಲ್ಲ ಅಂದೆ. "ಪರವಾಗಿಲ್ಲ ಆಂಟಿ, ಪಾತ್ರಕ್ಕೆ ಮಾತೇ ಇಲ್ಲ" ಅಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಇನ್ನೊಂದು ಸುಳ್ಳು ಸೇರಿಸಿದೆ. ಅವರು ಯಾರನ್ನೂ ನೋಡಲ್ಲ, ಆಕ್ಟಿಂಗ್ ಅಂದ್ರೆ ಅಳ್ತಾರೆ ಅಂದೆ. ಅವನು ಫೋಟೋ ಎತ್ತಿಕೊಂಡು ಹೊರಟವನು ಬಾಗಿಲಲ್ಲಿ ತಿರುಗಿ ನೋಡಿದ. ನಾನು ಪುಸ್ತಕ ಜೋಡಿಸುತ್ತ ನಿಂತಿದ್ದೆ. "ನೀವೇ ಯಾಕೆ ಮಾಡ್ಬಾರ್ದು?" ಅಂದ. ನಾನು ಬೇಡ ಎನ್ನಲಿಲ್ಲ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇವತ್ತಿನದಲ್ಲ. ಮಾತು ಮೊದಲು ನನ್ನ ಬಾಯಿಂದ ಹೊರಡುತ್ತಿತ್ತು, ಚಪ್ಪಾಳೆ ನಿನಗೆ ಬೀಳುತ್ತಿತ್ತು. ನಾಟಕ ಮುಗಿದ ಮೇಲೆ ಜನ ನಿನ್ನನ್ನು ಸುತ್ತಿಕೊಳ್ಳುತ್ತಿದ್ದರು, ನಾನು ನಿನ್ನ ಸೀರೆ ಮಡಿಸುತ್ತಿದ್ದೆ. ನೀನು ಒಂದು ಸಲವೂ ನನ್ನನ್ನು ತೋರಿಸಿ ಇವಳು ವತ್ಸಲಾ ಎಂದು ಯಾರಿಗೂ ಹೇಳಲಿಲ್ಲ. ನೀನು ಕಾರವಾರಕ್ಕೆ ಹೋದ ದಿನ ಅತ್ತೆನಲ್ಲ, ಅರ್ಧ ಅಳು ನಿಜ, ಇನ್ನರ್ಧ ಸಮಾಧಾನ.

ಆದರೆ ಪಾತ್ರ ಕದ್ದವಳಿಗೂ ನೀನು ಕಾಗದ ಬರೆದು ಉಪಾಯ ಹೇಳಿಕೊಟ್ಟೆ. ಅದನ್ನು ನೆನೆದಾಗಲೆಲ್ಲ ತಲೆ ಎತ್ತಲಾಗುವುದಿಲ್ಲ.

ಮೊನ್ನೆ ಸಿದ್ಧಾರ್ಥನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಆಮೇಲೆ ಕೊನೆಯ ಸೀನಿಗೆ ಮನೆಯ ಯಜಮಾನಿ ಬರಬೇಕು, ಅದಕ್ಕೆ ನಿನ್ನನ್ನೇ ಕೇಳಬೇಕು ಅಂದ. ಒಂದು ಪುಟದ ಮಾತು, ಅನುವನ್ನು ಬಿಟ್ಟರೆ ಇಡೀ ಸಿನಿಮಾದಲ್ಲಿ ಅಷ್ಟು ದೊಡ್ಡ ಮಾತು ಬೇರೆ ಯಾರಿಗೂ ಇಲ್ಲ. ಜುಲೈ ಹದಿಮೂರು, ಭಾನುವಾರ. ಆ ಪುಟ ಈ ಕವರಿನಲ್ಲಿದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀನು ಮಾತಾಡುವಾಗ ನಾನು ಎದುರಿಗೆ ನಿಂತು ನಿನಗಿಂತ ಮುಂಚೆ ತುಟಿ ಆಡಿಸುತ್ತಿರುತ್ತೇನೆ. ಕ್ಯಾಮೆರಾ ಇಬ್ಬರನ್ನೂ ಹಿಡಿಯುತ್ತದೆ.

ಬರದಿದ್ದರೂ ನಿನ್ನನ್ನು ದೂರುವ ಮುಖ ನನಗಿಲ್ಲ.

ವತ್ಸಲಾ

ಕಾರವಾರ
30 ಜೂನ್ 2025

ವತ್ಸಲಾ,

ಬರುತ್ತೇನೆ. ನಿನಗಾಗಿ ಅಲ್ಲ. ಆ ಪುಟ ಚೆನ್ನಾಗಿದೆ.

ಹಸಿರು ಅಂಚಿನ ರೇಷ್ಮೆ ಸೀರೆ ಉಡುತ್ತೇನೆ ಎಂದು ಆ ಹುಡುಗನಿಗೆ ಹೇಳು. ನಿನ್ನ ಮನೆಯಲ್ಲಿ ಇಳಿದುಕೊಳ್ಳುವುದಿಲ್ಲ, ವಿಜಯನಗರದಲ್ಲಿ ಇವರ ತಂಗಿ ಇದ್ದಾರೆ. ಊಟಕ್ಕೂ ನಿಲ್ಲುವುದಿಲ್ಲ.

ನೀನು ಬರೆದದ್ದರಲ್ಲಿ ಒಂದು ಮಾತು ಅರ್ಧಕ್ಕೇ ನಿಂತಿದೆ. ನಾನು ನಿನ್ನನ್ನು ಯಾರಿಗೂ ತೋರಿಸಲಿಲ್ಲ ಎಂದು ಬರೆದಿದ್ದೀಯ. ಮರೆತು ಅಲ್ಲ. ತೋರಿಸಬಾರದೆಂದೇ ತೋರಿಸಲಿಲ್ಲ. ಕಾರಣ ಕೇಳಬೇಡ.

ಶೋಭಾರಾಣಿ

ರಾಜಾಜಿನಗರ
16 ಜುಲೈ 2025

ಶೋಭಕ್ಕನಿಗೆ ನಮಸ್ಕಾರ.

ಊಟಕ್ಕೂ ನಿಲ್ಲದೆ ಹೊರಟೇಬಿಟ್ಟಿರಿ. ಅನುವಿನ ಅಮ್ಮ ನಿಮಗೆಂದೇ ಒಬ್ಬಟ್ಟು ಕಳಿಸಿದ್ದರು. ಹೋಗಿ ಸೇರಿದ್ದಕ್ಕೆ ಸುದ್ದಿಯೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಗೇಟಿನಿಂದ ಒಳಗೆ ಬಂದಾಗ ಏಳು ಜನವೂ ಎದ್ದು ನಿಂತರು. ನಾನೂ ನಿಂತೆ. ಒಳಗೊಳಗೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಮೂರು ತಿಂಗಳು ನನ್ನದಾಗಿದ್ದ ಬಂಗಲೆ ಎರಡು ನಿಮಿಷದಲ್ಲಿ ನಿಮ್ಮದಾಗಿಹೋಯಿತು. ನೀವು ಸುಮ್ಮನೆ ನಡುಮನೆಯಲ್ಲಿ ನಡೆದಿರಿ, ಅಷ್ಟಕ್ಕೇ ಅಲ್ಲಿ ಯಾರೋ ಹನ್ನೊಂದು ವರ್ಷದಿಂದ ಸಂಸಾರ ಮಾಡಿದ್ದಾರೆ ಅನ್ನಿಸಿತು.

ಆಮೇಲೆ ಆ ಸೀನು. ಮೂರನೆಯ ವಾಕ್ಯದಲ್ಲಿ ನೀವು ನಿಂತಿರಿ. ಅನುವನ್ನು ಬಿಟ್ಟು ನನ್ನ ಮುಖ ನೋಡಿದಿರಿ. ನಾನು ತುಟಿ ಆಡಿಸಿದೆ, ನೀವು ಮಾತಾಡಿದಿರಿ. ಅಲ್ಲಿಂದ ಪುಟ ಮುಗಿಯುವವರೆಗೆ ಕಣ್ಣು ನನ್ನ ಮೇಲಿಂದ ಕೀಳಲಿಲ್ಲ. ಯಜಮಾನಿಯೂ ಆ ಮನೆಯ ಕೈಗೊಂಬೆಯೇ ಎಂದು ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ, ನೀವು ಅದನ್ನು ಕಣ್ಣಲ್ಲೇ ಮಾಡಿ ತೋರಿಸಿದಿರಿ. ಮುಗಿದ ಮೇಲೂ ಕ್ಯಾಮೆರಾ ಓಡುತ್ತಲೇ ಇತ್ತು. ಸಿದ್ಧಾರ್ಥ ಕಟ್ ಹೇಳುವುದನ್ನೇ ಮರೆತುಬಿಟ್ಟಿದ್ದ. ಎಂಥ ಉಪಾಯ ಹೂಡಿದಿರಿ ಶೋಭಕ್ಕಾ. ಸಿನಿಮಾವನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ನೀವು ಎಂದು ಅನುವಿಗೂ ಹೇಳಿದೆ.

ಮಾತಾಡದೆ ಹೋದಿರಲ್ಲ, ನನ್ನಿಂದ ಮತ್ತೇನಾದರೂ ತಪ್ಪಾಯಿತೇ?

ವತ್ಸಲಾ

ಕಾರವಾರ
25 ಜುಲೈ 2025

ವತ್ಸಲಾ,

ನನ್ನ ಹತ್ತಿರವೂ ನಾಟಕವೇ? ಉಪಾಯ ಹೂಡಿದೆನಂತೆ. ನಿನಗೆ ಗೊತ್ತು. ನಾನು ಆ ಪುಟವನ್ನು ಬಾಯಿಪಾಠ ಮಾಡಿರಲಿಲ್ಲ. ರೈಲಿನಲ್ಲಿ ಹತ್ತು ಸಲ ಓದಿದೆ, ಎರಡು ವಾಕ್ಯಕ್ಕಿಂತ ಆಚೆ ತಲೆಗೆ ಹತ್ತಲಿಲ್ಲ. ಯಾವತ್ತೂ ಹತ್ತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ನಾಟಕವನ್ನೂ ನಾನು ಪೂರ್ತಿ ಬಾಯಿಪಾಠ ಮಾಡಲಿಲ್ಲ. ನಿನ್ನ ಕಡೆಯಿಂದ ಬಂದ ಮಾತನ್ನು ಹಿಡಿದು ಆಡಿದೆ. ಅದು ಗೊತ್ತಿದ್ದವಳು ನೀನೊಬ್ಬಳೇ. ನೀನು ಅದನ್ನು ಮೇಷ್ಟರಿಗೂ ಹೇಳಲಿಲ್ಲ, ಮೊನ್ನೆ ಅಷ್ಟು ಜನರೆದುರು ಅನುವಿಗೂ ಹೇಳಲಿಲ್ಲ. ನಿನ್ನನ್ನು ಯಾರಿಗೂ ತೋರಿಸದೆ ಇದ್ದದ್ದು ಅದಕ್ಕೇ. ನಿನ್ನನ್ನು ತೋರಿಸಿದರೆ ನನ್ನಲ್ಲಿ ಏನು ಉಳಿಯುತ್ತದೆ ಎಂಬ ಹೆದರಿಕೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ನಿನಗೆ ಬರೆದ ಉಪಾಯ ಬೇಕೆಂದೇ ತಪ್ಪು ಬರೆದದ್ದು. ಬಾಯಿಪಾಠ ಮಾಡಿದರೆ ತುಟಿ ಇನ್ನೂ ಜಾಸ್ತಿ ಅಲುಗುತ್ತದೆ, ಅವನು ನಿನ್ನನ್ನು ಬೆನ್ನಿಗೆ ಹಾಕುತ್ತಾನೆ ಎಂದು ಚೆನ್ನಾಗಿ ಗೊತ್ತಿದ್ದೇ ಬರೆದೆ. ಪಾತ್ರ ನನ್ನದು ಎಂದು ಆಗ ನನಗೆ ಗೊತ್ತೂ ಇರಲಿಲ್ಲ. ನಿನಗೆ ಒಂದು ಸಿಕ್ಕಿತಲ್ಲ, ಅಷ್ಟೇ ಕಾರಣ ಸಾಕಾಯಿತು. ನೀನು ಕದ್ದೆ, ನಾನು ಕೆಡಿಸಲು ನೋಡಿದೆ. ಕೆಡಲಿಲ್ಲ, ಅದು ನಿನ್ನ ಅದೃಷ್ಟ, ನನ್ನ ಒಳ್ಳೆಯತನವಲ್ಲ. ಇನ್ನು ಮೇಲೆ ನನ್ನನ್ನು ನೆನೆದು ತಲೆ ತಗ್ಗಿಸಬೇಡ.

ಊಟಕ್ಕೆ ನಿಲ್ಲದೆ ಓಡಿದ್ದಕ್ಕೆ ಕಾರಣ ನೀನು ಬರೆದಿಲ್ಲ, ನಾನೇ ಬರೆಯುತ್ತೇನೆ. ಎಲ್ಲ ಮುಗಿದ ಮೇಲೆ ಸಿದ್ಧಾರ್ಥ ನನ್ನ ಹತ್ತಿರ ಬಂದು, "ಮೇಡಂ, ಟೈಟಲ್‌ನಲ್ಲಿ ಯಾರ ಹೆಸರು ಮೊದಲು ಹಾಕ್ಲಿ? ವತ್ಸಲಾ ಆಂಟಿ ನಿಮ್ಮನ್ನೇ ಕೇಳು ಅಂದ್ರು" ಅಂದ. ನಾನು ನಿನ್ನ ಹೆಸರು ಹೇಳಬೇಕೆಂದೇ ಬಾಯಿ ತೆಗೆದೆ. ದೇವರಾಣೆ ಕಣೇ. ಮಾತು ಹೊರಡಲಿಲ್ಲ. ಅಭ್ಯಾಸಬಲ, ಎಡಗಡೆ ತಿರುಗಿ ನೋಡಿದೆ. ನೀನು ಮೆಟ್ಟಿಲ ಹತ್ತಿರ ನನ್ನ ರೇಷ್ಮೆ ಸೀರೆ ಮಡಿಸುತ್ತ ನಿಂತಿದ್ದೆ. ನನ್ನನ್ನೇ ನೋಡುತ್ತಿದ್ದೆ. ನಿನ್ನ ತುಟಿ ಅಲುಗಿತು. ಶೋಭಾರಾಣಿ ಅಂದೆ ನೀನು. ನಾನು ಅದನ್ನು ಹಿಡಿದು ಹಾಗೇ ಹೇಳಿಬಿಟ್ಟೆ.

ನೀನು ಅದನ್ನು ಪ್ರೀತಿಯಿಂದ ಹೇಳಿಕೊಟ್ಟೆಯೋ, ರೂಢಿಯಿಂದಲೋ, ಇವಳು ಹೇಳುವುದು ಇದನ್ನೇ ಎಂದು ಗೊತ್ತಿದ್ದೋ, ನನಗೆ ತಿಳಿಯದು. ರೈಲಿನಲ್ಲಿ ಅರಸೀಕೆರೆವರೆಗೆ ಅದನ್ನೇ ಯೋಚಿಸಿದೆ. ಆಮೇಲೆ ಯೋಚಿಸುವುದನ್ನು ಬಿಟ್ಟು ನಾಚಿಕೊಂಡೆ.

ಇವತ್ತು ಬೆಳಿಗ್ಗೆ ಸಿದ್ಧಾರ್ಥನಿಗೆ ಫೋನ್ ಮಾಡಿದೆ. ವತ್ಸಲಾ ಹೆಸರು ಮೊದಲು, ನನ್ನದು ಅದರ ಕೆಳಗೆ ಅಂದೆ. ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು, ಈಗಲೂ ಉರಿಯುತ್ತಿದೆ. ಆದರೆ ಆ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶೋಭಾ